ಆಡೂ ಮುಟ್ಟದ ಅಂಟು

ಗೃಹಕೈಗಾರಿಕೆಗಳ ಅಧೀಕ್ಷಕರ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಸಂಘದ ಕಮಲಾವತಿಗೆ ಯಾವ ರೋಗವೂ ಇಲ್ಲ. ರೋಗ ಇದ್ದದ್ದು ತಾವು ಕಳುಹಿಸಿಕೊಟ್ಟ ಅಂಟಿನ ಡಬ್ಬಿಯಲ್ಲಿ. ಇಷ್ಟು ಓದಿ ತಾವು ಪತ್ರಿಕೆಯನ್ನು ಮಡಚಿಟ್ಟರೂ ನನಗೆ ಬೇಸರವಿಲ್ಲ, ಏಕೆಂದರೆ ಹೇಳಬೇಕಾದದ್ದು ಇಷ್ಟೇ. ಇದನ್ನೇ ನಾನು ತಮ್ಮ ಕಚೇರಿಗೆ ಹಲವು ಸಲ ವಿನಯಪೂರ್ವಕವಾಗಿ ಬರೆದು ಕಳುಹಿಸಿದ್ದೇನೆ. ವಿನಯದ ಕಾಗದಗಳು ತಮ್ಮಲ್ಲಿ ಯಾವ ಕಪಾಟಿಗೆ ಹೋಗುತ್ತವೋ ದೇವರೇ ಬಲ್ಲ. ಆದ್ದರಿಂದ ಈ ಸಲ ವಿನಯವನ್ನು ಮನೆಯಲ್ಲಿಯೇ ಬಿಟ್ಟು, ಊರಿನ ನಾಲ್ಕು ಜನ ಓದುವ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಆ ಹುಡುಗಿಯ ಹೆಸರನ್ನು ತಾವು ಕೆಡಿಸಿದ್ದು ಊರ ಎದುರಿನಲ್ಲಿ. ಸರಿಪಡಿಸುವುದು ಮಾತ್ರ ಫೈಲಿನ ಒಳಗೆ ಎಂದರೆ ಅದು ಯಾವ ಸೀಮೆಯ ನ್ಯಾಯ?

ಜಿಲ್ಲೆಯಲ್ಲಿ ತಮ್ಮ ಕೃಪಾಛತ್ರದ ಅಡಿಯಲ್ಲಿ ಎಷ್ಟೋ ಸಂಘಗಳು ಇರುವುದರಿಂದ ನಮ್ಮ ನೆನಪು ತಮಗೆ ಇರಲಾರದು. ನಾವು ಪುತ್ತೂರು ಬಸ್‌ಸ್ಟ್ಯಾಂಡಿನ ಎದುರು ಮೂಸಕುಂಞಿ ಸಾಹುಕಾರರ ಜೀನಸು ಅಂಗಡಿಯ ಮಾಳಿಗೆಯಲ್ಲಿ ಕುಳಿತು ಲಕೋಟೆ ಮಾಡುವ ಹೆಂಗಸರು. ಕಂದು ಕಾಗದವನ್ನು ಕತ್ತರಿಸಿ, ಮಡಚಿ, ಅಂಟಿಸಿ, ಒಣಗಿಸಿ, ಕಟ್ಟು ಕಟ್ಟಿ ಸರಕಾರದ ಕಚೇರಿಗಳಿಗೆ ಕೊಡುತ್ತೇವೆ. ತಾವು ನಮಗೆ ಕಳುಹಿಸುವ ಮೆಮೋಗಳು ನಾವೇ ಮಾಡಿದ ಲಕೋಟೆಗಳಲ್ಲಿ ಬರುತ್ತವೆ. ನಮ್ಮ ಬೆನ್ನಿಗೆ ಬೀಳುವ ಬೆತ್ತವನ್ನು ನಾವೇ ಕೊಯ್ದು ಕೊಟ್ಟ ಹಾಗೆ. ನಾನು ಈ ಸಂಘದ ಕಾರ್ಯದರ್ಶಿ. ಎಂಟನೆಯ ಕ್ಲಾಸಿನವರೆಗೆ ಓದಿದ್ದೇನೆ, ಸಿಟ್ಟು ಮಾತ್ರ ಅದಕ್ಕಿಂತ ಹೆಚ್ಚು ಓದಿದವರದ್ದು ಎಂದು ನಮ್ಮ ಯಜಮಾನರು ಹೇಳುತ್ತಾರೆ.

ಮೊದಲು ನಮ್ಮ ಅಂಟನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಬೆಳಿಗ್ಗೆ ಬಂದವರು ಒಲೆ ಹಚ್ಚಿ ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಕುದಿಸುವುದು, ಆರಿದ ಮೇಲೆ ಕೆಲಸಕ್ಕೆ ಕೂರುವುದು. ಆ ಅಂಟಿಗೆ ಒಂದು ದೋಷವಿತ್ತು. ಸಂಜೆಯ ಹೊತ್ತಿಗೆ ಹುಳಿ ವಾಸನೆ ಬರುತ್ತಿತ್ತು, ಆಟಿ ತಿಂಗಳ ಮಳೆಯಲ್ಲಾದರೆ ಮಧ್ಯಾಹ್ನಕ್ಕೇ ಬರುತ್ತಿತ್ತು. ಉಳಿದದ್ದನ್ನು ಚೆಲ್ಲಿ ಮರುದಿನ ಹೊಸತು ಮಾಡುತ್ತಿದ್ದೆವು. ಅಂಟು ತಾಗಿದ ಕಾಗದದ ಚೂರುಗಳನ್ನು ಹೈದರನ ಆಡು ತಿಂದು ಮುಗಿಸುತ್ತಿತ್ತು. ಹೈದರ್ ಎಂದರೆ ನಮ್ಮ ಕಟ್ಟುಗಳನ್ನು ಕೈಗಾಡಿಯಲ್ಲಿ ಬಸ್ಸಿಗೆ ಮುಟ್ಟಿಸುವವನು. ಅವನ ಹಿಂದೆಯೇ ಆ ಆಡು, ಸರಕಾರಿ ಜವಾನನಿಗಿಂತ ಹೆಚ್ಚು ಸಮಯಪಾಲನೆಯಿಂದ ಬರುತ್ತಿತ್ತು. ಆ ಕಾಲದಲ್ಲಿ ಯಾರ ಕೈಗೂ ಏನೂ ಆಗಿರಲಿಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು.

ಈ ಕಥೆ ನಿಜವಾಗಿ ಆರಂಭವಾದದ್ದು ತಮ್ಮ ಮೂಗಿನಿಂದ. ಹೋದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ ತಾವು ನಮ್ಮ ಮೆಟ್ಟಿಲು ಹತ್ತಿ ಬಂದಿರಿ. ಬಾಗಿಲಿನಲ್ಲಿಯೇ ಕರ್ಚೀಫು ಮೂಗಿಗೆ ಏರಿತು. "ಏನಮ್ಮಾ ಇದು, ಕಾರ್ಖಾನೆಯೋ ದನದ ಹಟ್ಟಿಯೋ?" ಎಂದು ಕೇಳಿದಿರಿ. ಅಂಟು ಹುಳಿಯಾಗಿದೆ, ಈಗ ಚೆಲ್ಲುತ್ತೇವೆ ಎಂದೆ. ವಿಜ್ಞಾನದ ಯುಗದಲ್ಲಿ, ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಅಂಟು ಕುದಿಸುತ್ತ ಕೂರುವ ಹೆಂಗಸರಿಂದ ದೇಶ ಹೇಗೆ ಮುಂದುವರಿದೀತು ಎಂದು ತಾವು ಅಲ್ಲಿಯೇ ನಿಂತು ಭಾಷಣ ಮಾಡಿದಿರಿ. ಕರ್ಚೀಫಿನ ಒಳಗಿನಿಂದ ಬಂದದ್ದರಿಂದ ಅರ್ಧ ನಮಗೆ ಕೇಳಲಿಲ್ಲ. ತಿಂಗಳೊಳಗೆ ಡಬ್ಬಿಗಳು ಬಂದವು. ಬಿಳಿ ಬೆಣ್ಣೆಯ ಹಾಗಿನ ಅಂಟು. ಮೇಲೆ ಚೀಟಿ: ಎರಡು ವರ್ಷ ಕೆಡುವುದಿಲ್ಲ.

ನಾವು ಹಿಗ್ಗಿದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಒಲೆ ಇಲ್ಲ, ಹೊಗೆ ಇಲ್ಲ, ಮುಚ್ಚಳ ತೆಗೆದರಾಯಿತು. ಮೂಗಿಗೆ ಸ್ವಲ್ಪ ಕಾರವಾಗಿ ಹೊಡೆಯುತ್ತಿತ್ತು, ಅದು ವಿಜ್ಞಾನದ ಪರಿಮಳ ಇರಬೇಕು ಎಂದುಕೊಂಡೆವು. ಮೊದಲು ಆಕ್ಷೇಪ ಎತ್ತಿದ್ದು ಆಡು. ಚೂರುಗಳ ರಾಶಿಯ ಹತ್ತಿರ ಬಂತು, ಮೂಸಿತು, ಸೀನಿತು, ತಿರುಗಿ ನಡೆಯಿತು. ಹೈದರ್ ಮೆಟ್ಟಿಲ ಕೆಳಗಿನಿಂದಲೇ ಕೂಗಿದ, "ಅಕ್ಕ, ಇದು ಎಂತದ್ದು ಮಾರಾಯ್ರೆ? ನನ್ನ ಆಡು ಗೋಣಿ ತಿಂತದೆ, ಸಿನೆಮಾದ ಪೋಸ್ಟರು ತಿಂತದೆ. ಇದನ್ನು ಮಾತ್ರ ಬೇಡ ಅಂತದೆ!" ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ತಮ್ಮ ಇಲಾಖೆಯ ದೆಸೆಯಿಂದ ಅಂದು ಸುಳ್ಳಾಯಿತು. ನಾನು ನಕ್ಕು ಕೆಲಸಕ್ಕೆ ಕುಳಿತೆ. ಆ ಡಬ್ಬಿಗಳನ್ನು ಮಂಜೂರು ಮಾಡುವ ಮೊದಲು ತಮ್ಮ ಕಚೇರಿಯಲ್ಲಿ ಒಂದು ಆಡನ್ನಾದರೂ ಕೇಳಿದ್ದರೆ ಚೆನ್ನಾಗಿತ್ತು.

ಇನ್ನು ಕಮಲಾವತಿಯ ವಿಷಯ. ಮರ್ಕಂಜದ ಹುಡುಗಿ, ತಂದೆ ಇಲ್ಲ. ಅಣ್ಣ ಧರ್ಮಪಾಲ ಸುಳ್ಯದ ಬಸ್ಸಿನಲ್ಲಿ ಕಂಡಕ್ಟರ್. ಅಣ್ಣ ಅತ್ತಿಗೆಯ ಜೊತೆ, ತಾಯಿ ದೇವಮ್ಮನನ್ನೂ ಕರೆದುಕೊಂಡು, ಪುತ್ತೂರಿನಲ್ಲಿಯೇ ಬಾಡಿಗೆ ಮನೆಯಲ್ಲಿದ್ದಾಳೆ. ಅಂಟಿಸುವ ಕೆಲಸದಲ್ಲಿ ಅವಳನ್ನು ಮೀರಿಸಿದವರಿಲ್ಲ. ನಮ್ಮಲ್ಲಿ ಅಂಟಿಗೆ ಬ್ರಶ್ಶು ಉಪಯೋಗಿಸುವುದಿಲ್ಲ. ಮಡಚಿದ ಕಾಗದಗಳನ್ನು ಬೀಸಣಿಗೆಯ ಹಾಗೆ ಒಂದರ ಅಂಚು ಇನ್ನೊಂದರ ಕೆಳಗಿನಿಂದ ಕಾಣುವಂತೆ ಬಿಡಿಸಿಟ್ಟು, ಬೆರಳುಗಳಿಂದಲೇ ಅಂಟನ್ನು ಒಂದೇ ಸಲಕ್ಕೆ ಎಲ್ಲ ಅಂಚುಗಳ ಮೇಲೆ ಎಳೆದುಬಿಡುವುದು. ಬ್ರಶ್ಶಿನಲ್ಲಿ ಮಾಡಿದರೆ ಗಂಟು ನಿಲ್ಲುತ್ತದೆ, ಲಕೋಟೆಯ ಒಳಗೂ ಅಂಟಿಕೊಳ್ಳುತ್ತದೆ. ಹಾಗಾಗಿ ಅಂಟಿಸುವವರ ಬಲಗೈ ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಟಿನಲ್ಲಿಯೇ ಇರುತ್ತದೆ. ಹೊಸ ಡಬ್ಬಿ ಬಂದು ಕೆಲವು ವಾರಗಳಲ್ಲಿ ಕಮಲಾವತಿಯ ಬೆರಳ ಸಂದುಗಳಲ್ಲಿ ತುರಿಕೆ ಸುರುವಾಯಿತು. ಆಮೇಲೆ ಕೆಂಪು, ಆಮೇಲೆ ಸಣ್ಣ ಸಣ್ಣ ನೀರುಗುಳ್ಳೆ, ಒಡೆದ ಮೇಲೆ ಬಿರುಕು. ಅನ್ನ ಕಲಸಲು ಆಗದೆ ಚಮಚದಲ್ಲಿ ಉಣ್ಣುವ ಸ್ಥಿತಿ ಬಂತು. ಅವಳ ಹಿಂದೆಯೇ ಇನ್ನೂ ನಾಲ್ಕೈದು ಜನರಿಗೆ ಬಂತು.

ನಾನು ತಮಗೆ ಬರೆದೆ. ತಮ್ಮಿಂದ ಉತ್ತರವೂ ಬಂತು, ಜೊತೆಗೆ ಒಂದು ಪೆಟ್ಟಿಗೆ ಕೆಂಪು ಸೋಪೂ ಬಂತು. "ವೈಯಕ್ತಿಕ ಶುಚಿತ್ವದ ಅಭಾವದಿಂದ ಇಂತಹ ತೊಂದರೆಗಳು ಸಂಭವಿಸುವುದರಿಂದ ಕೆಲಸಗಾರ್ತಿಯರು ಪದೇ ಪದೇ ಕೈ ತೊಳೆಯತಕ್ಕದ್ದು" ಎಂಬ ಅಪ್ಪಣೆ. ಬೆಳಿಗ್ಗೆ ಮಿಂದು, ಸಂಜೆ ಮಿಂದು, ಬಾವಿಕಟ್ಟೆಯಲ್ಲಿಯೇ ಅರ್ಧ ಜನ್ಮ ಕಳೆಯುವ ಹೆಂಗಸರಿಗೆ ಶುಚಿತ್ವದ ಪಾಠ! ಕಮಲಾವತಿ ವಿಧೇಯ ಹುಡುಗಿ. ಗಂಟೆಗೊಮ್ಮೆ ಎದ್ದು ಹೋಗಿ ತಿಕ್ಕಿ ತಿಕ್ಕಿ ತೊಳೆದಳು. ತಿಕ್ಕಿದಷ್ಟೂ ಚರ್ಮ ಸೀಳಿತು, ಸೀಳಿದಷ್ಟೂ ಅಂಟು ಒಳಕ್ಕೆ ಇಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ತಾವು ಒಂದು ಹೆಜ್ಜೆ ಮುಂದೆ ಹೋದಿರಿ, ಜ್ವರ ತರಿಸಿದ್ದೂ ತಾವೇ, ಬರೆ ಹಾಕಿದ್ದೂ ತಾವೇ.

ನಮ್ಮ ಕಡೆಯವರ ಬುದ್ಧಿವಂತಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ಪಕ್ಷಪಾತ ಮಾಡಿದೆ ಎಂದು ತಾವು ಆಕ್ಷೇಪಿಸಬಹುದು. ನಮ್ಮ ಊರಿನಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಡಾಕ್ಟರಿಗಿಂತ ಮೊದಲು ನಾಗನ ನೆನಪಾಗುತ್ತದೆ. ನಮ್ಮ ಯಜಮಾನರು ತಾವಾಗಿಯೇ ಕಡಬದ ಕಡೆಯ ಜೋಯಿಸರೊಬ್ಬರ ಹತ್ತಿರ ಹೋಗಿ ಕವಡೆ ಹಾಕಿಸಿ ಬಂದರು. ಸಂಘದ ಕೋಣೆ ನಾಗನ ನಡೆಯ ಮೇಲೆ ಉಂಟು, ಅವನು ಓಡಾಡುವ ದಾರಿಗೆ ಅಡ್ಡ ಕುಳಿತಿದ್ದೀರಿ, ಅದಕ್ಕೇ ಹೀಗೆ ಎಂದು ತಿಳಿಯಿತಂತೆ. ಇದನ್ನು ಕೇಳಿ ಕಟ್ಟಡದ ಮಾಲೀಕರಾದ ಮೂಸಕುಂಞಿ ಸಾಹುಕಾರರು ತಲೆ ಕೆರೆದುಕೊಂಡರು. "ಅಲ್ಲ ಅಕ್ಕ, ಕೆಳಗೆ ನಾನು ಇಪ್ಪತ್ತು ವರ್ಷದಿಂದ ಕೂತಿದ್ದೇನೆ, ನನಗೆ ಎಂತದೂ ಆಗ್ಲಿಲ್ಲ. ನಿಮ್ಮದು ಮಾಳಿಗೆ. ನಾಗ ಮೆಟ್ಟಿಲು ಹತ್ತಿ ಬರ್ತಾನಾ?" ಅವರ ಪ್ರಶ್ನೆಗೆ ಜೋಯಿಸರ ಕವಡೆಯಲ್ಲಿ ಉತ್ತರ ಇರಲಿಲ್ಲ.

ಆದರೂ ಹೋದೆವು. ಕೈ ಕೆಟ್ಟವರೆಲ್ಲ ಸೇರಿ ಬಸ್ಸು ಹತ್ತಿ ಸುಬ್ರಹ್ಮಣ್ಯಕ್ಕೆ ಹೋಗಿ, ಕುಮಾರಧಾರೆಯಲ್ಲಿ ಮಿಂದು, ಹುತ್ತದ ಮಣ್ಣಿನ ಪ್ರಸಾದ ತಂದು ಕೈಗೆ ಹಚ್ಚಿಕೊಂಡರು. ಹೇಳಿದ ದಿನಗಳು ಮುಗಿಯುವವರೆಗೆ ಉಪ್ಪು ಖಾರ ಬಿಟ್ಟರು, ಸೋಪು ಬಿಟ್ಟರು, ಕೆಲಸಕ್ಕೂ ಬರಲಿಲ್ಲ. ಏನಾಶ್ಚರ್ಯ! ಗುಳ್ಳೆ ಬತ್ತಿತು, ಬಿರುಕು ಕೂಡಿತು, ಎಳೆ ಚರ್ಮ ಬಂತು. ದೇವಮ್ಮ ಮಗಳ ಕೈ ಹಿಡಿದುಕೊಂಡು ಅತ್ತಳು. ನಾನೂ ಕೈ ಮುಗಿದೆ. ಕೆಲಸಕ್ಕೆ ಮರಳಿ ಬಂದರು, ವಾರ ತುಂಬುವುದರೊಳಗೆ ಮತ್ತೆ ಅದೇ. ನಾಗನಿಗೆ ತೃಪ್ತಿಯಾಗಿಲ್ಲ ಎಂದರು ಜೋಯಿಸರು. ಮತ್ತೆ ಹೋದರು, ಮತ್ತೆ ಗುಣವಾಯಿತು, ಮತ್ತೆ ಬಂದರು, ಮತ್ತೆ ಎದ್ದಿತು. ನಾನು ದೇವರನ್ನು ದೂರುವುದಿಲ್ಲ. ಆತ ಪ್ರತಿ ಸಲವೂ ಗುಣಪಡಿಸಿಯೇ ಕಳುಹಿಸಿದ. ನಾವು ಬಂದು ಮತ್ತೆ ಡಬ್ಬಿಯಲ್ಲಿ ಕೈ ಅದ್ದಿದರೆ ಆತ ತಾನೇ ಏನು ಮಾಡಿಯಾನು?

ಎರಡನೆಯ ಸಲ ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಒಂದು ಸಂಶಯ ಹುಟ್ಟಿತು. ಕೈ ಕೆಟ್ಟವರೆಲ್ಲ ಅಂಟಿಸುವವರು. ಬರೀ ಕತ್ತರಿಸುವವರು, ಮಡಚುವವರು, ಅದೇ ಕೋಣೆಯಲ್ಲಿ ಅದೇ ಚಾಪೆಯ ಮೇಲೆ ಕುಳಿತು ಅದೇ ಮಡಕೆಯ ನೀರು ಕುಡಿಯುವವರು, ಅವರಲ್ಲಿ ಒಬ್ಬಳಿಗೂ ಒಂದು ಗುಳ್ಳೆ ಇಲ್ಲ. ಮನೆಗೆ ಬಂದು ಯಜಮಾನರನ್ನು ಕೇಳಿದೆ, "ನಾಗನಿಗೆ ಮಡಚುವವರ ಮೇಲೆ ಪ್ರೀತಿ, ಅಂಟಿಸುವವರ ಮೇಲೆ ಸಿಟ್ಟು. ಅದು ಎಂತಕ್ಕೆ?" ಅವರು ಪತ್ರಿಕೆಯಿಂದ ತಲೆ ಎತ್ತದೆ, "ದೈವದ ವಿಷಯದಲ್ಲಿ ತರ್ಕ ಮಾಡ್ಲಿಕ್ಕಿಲ್ಲ" ಎಂದರು. ಈ ಒಂದು ವಿಚಾರದಲ್ಲಿ ತಾವೂ ಅವರೂ ಒಂದೇ ಶಾಲೆಯಲ್ಲಿ ಕಲಿತವರ ಹಾಗೆ ಕಾಣುತ್ತೀರಿ. ದೈವದ ಜಾಗದಲ್ಲಿ ಇಲಾಖೆ ಎಂದು ಓದಿಕೊಂಡರೆ ಸಾಕು.

ನಾನು ಇದನ್ನು ಯಾರ ಹತ್ತಿರ ಕೇಳುವುದು ಎಂದು ಯೋಚಿಸುತ್ತಿರುವಾಗಲೇ ತಮ್ಮ ಸವಾರಿ ಬಂತು. ಕಮಲಾವತಿಯ ಕೈ ಅಂದು ಅತ್ಯಂತ ಕೆಟ್ಟ ಸ್ಥಿತಿಯಲ್ಲಿತ್ತು. ಶಾಲೆಯ ಮಕ್ಕಳ ಉಗುರು ನೋಡುವ ಹಾಗೆ ತಾವು ಎಲ್ಲರಿಗೂ ಕೈ ಚಾಚಲು ಹೇಳಿದಿರಿ. ಅವಳ ಕೈ ನೋಡಿದ್ದೇ ತಡ, ತಾವು ಎಷ್ಟು ವೇಗದಿಂದ ಹಿಂದೆ ಹಾರಿದಿರಿ ಎಂದರೆ ಹಿಂದೆ ನಿಂತಿದ್ದ ಗುಮಾಸ್ತರ ಕಾಲು ಜಜ್ಜಿಹೋಯಿತು. ಆಮೇಲೆ ಮೆಟ್ಟಿಲ ಮೇಲೆಯೇ ನಿಂತು ಆಜ್ಞೆ ಬರೆಸಿದಿರಿ: "ಸದರಿ ಕಮಲಾವತಿ ಎಂಬಾಕೆಯು ಅಂಟುರೋಗದಿಂದ ಪೀಡಿತಳಾಗಿರುವುದು ಕಂಡುಬಂದಿರುವುದರಿಂದ ಆಕೆಯನ್ನು ಕೆಲಸದಿಂದ ತೆಗೆದುಹಾಕಲಾಗಿದೆ. ಸಾರ್ವಜನಿಕರ ಆರೋಗ್ಯದ ಹಿತದೃಷ್ಟಿಯಿಂದ ಇದನ್ನು ಪ್ರಕಟಿಸಲಾಗಿದೆ." ಅಂಟಿನ ರೋಗ ಎಂದು ಬರೆಸಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ನೋಡಿದ್ದು ಗುಮಾಸ್ತರ ಭುಜದ ಮರೆಯಿಂದ, ಪರೀಕ್ಷೆ ಮಾಡಿದ್ದು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು. ತಾವು ವೈದ್ಯಶಾಸ್ತ್ರವನ್ನು ಎಲ್ಲಿ ಕಲಿತಿರಿ ಎಂದು ತಿಳಿದರೆ ನಮ್ಮ ಮಕ್ಕಳನ್ನೂ ಅಲ್ಲಿಗೆ ಕಳುಹಿಸಬಹುದಿತ್ತು, ಖರ್ಚು ಕಡಿಮೆ.

ಆ ಕಾಗದವನ್ನು ಕೆಳಗಿನ ಗೋಡೆಗೆ, ಬಸ್ಸಿಗೆ ಕಾಯುವವರ ಕಣ್ಣಿನ ಮಟ್ಟಕ್ಕೆ ಅಂಟಿಸಿದರು. ಯಾವುದರಿಂದ ಎಂದು ಬೇರೆ ಹೇಳಬೇಕೇ? ತಮ್ಮ ಡಬ್ಬಿಯ ಅಂಟಿನಿಂದಲೇ. ಮಳೆ ಬಂತು, ಗಾಳಿ ಬಂತು, ಪಕ್ಕದಲ್ಲಿದ್ದ ನಾಟಕದ ಜಾಹೀರಾತು ಉದುರಿಹೋಯಿತು, ಇದು ಮಾತ್ರ ಅಲುಗಲಿಲ್ಲ. ನಾನು ಕತ್ತಿಯಿಂದ ಕೆರೆದರೂ ಅವಳ ಹೆಸರಿದ್ದ ಸಾಲು ಗೋಡೆಯಲ್ಲಿ ಉಳಿದುಕೊಂಡಿತು. ಧರ್ಮಪಾಲನ ಬಸ್ಸು ನಿಲ್ಲುವುದು ಸರಿಯಾಗಿ ಅದರ ಎದುರಿಗೆ. ಟಿಕೇಟು ಕೊಡುವ ಅಣ್ಣನ ಎದುರಿಗೇ ತಂಗಿಯ ಸುದ್ದಿ ಬಸ್ಸು ಹತ್ತಿತು. ಪುತ್ತೂರಿನಲ್ಲಿ ಹತ್ತಿದಾಗ ಚರ್ಮರೋಗವಾಗಿದ್ದದ್ದು ಸುಳ್ಯದಲ್ಲಿ ಇಳಿಯುವಾಗ ಕುಷ್ಠವಾಗಿತ್ತು.

ಆ ಕಾಗದ ಅಂಟಿಸಿದ ಮರುದಿನವೇ ನಾನು ಕಮಲಾವತಿಯನ್ನೂ ಒಂದು ಡಬ್ಬಿಯನ್ನೂ ಹಿಡಿದುಕೊಂಡು ಪರಮೇಶ್ವರ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಹೌದು ಮಾನ್ಯರೇ, ಹಿಡಿದೇ ನೋಡಿದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ ಜೋರಾಗಿ ನಗತೊಡಗಿದರು. "ಇದರ ಪರಿಚಯ ನನಗೆ ಉಂಟು ವಸುಮತಿಯಕ್ಕ. ನಾವು ಕಾಲೇಜಿನಲ್ಲಿ ಓದುವಾಗ ಸತ್ತ ಹಾವನ್ನು ಬಾಟ್ಲಿಯಲ್ಲಿ ಹಾಕಿ ಇಡ್ತಿದ್ದರಲ್ಲ, ಅದು ಇದೇ ಮದ್ದಿನಲ್ಲಿ. ಫಾರ್ಮಲಿನ್ ಅಂತ ಹೆಸರು. ಹಾವು ಹತ್ತು ವರ್ಷ ಕೊಳೆಯುದಿಲ್ಲ. ನಿಮ್ಮ ಅಂಟು ಕೊಳೆಯಬಾರದು ಅಂತ ಅದನ್ನೇ ಸುರಿದಿದ್ದಾರೆ."

ಅಂತೂ ಜೋಯಿಸರು ಪೂರ್ತಿ ತಪ್ಪಿರಲಿಲ್ಲ, ಎಲ್ಲೋ ಒಂದು ಹಾವಿನ ಸಂಬಂಧ ಇದ್ದೇ ಇತ್ತು. ಡಾಕ್ಟರು ನಗೆಯಲ್ಲಿಯೇ ಮುಗಿಸಲಿಲ್ಲ, ಪರೀಕ್ಷೆಯನ್ನೂ ಮಾಡಿದರು. ಕಮಲಾವತಿಯ ಒಂದು ತೋಳಿನ ಒಳಬದಿಗೆ ನಮ್ಮ ಹಳೆಯ ಮೈದಾ ಅಂಟು ಸವರಿದ ಬಟ್ಟೆಯ ತುಂಡು, ಇನ್ನೊಂದಕ್ಕೆ ತಮ್ಮ ಡಬ್ಬಿಯ ಅಂಟು ಸವರಿದ ತುಂಡು ಕಟ್ಟಿ ಬಿಟ್ಟರು. ಎರಡು ದಿನ ಕಳೆದು ಬಿಚ್ಚಿದಾಗ ಮೈದಾದ ತೋಳು ಇದ್ದ ಹಾಗೆಯೇ ಇತ್ತು. ತಮ್ಮ ತೋಳು, ಎಂದರೆ ತಮ್ಮ ಡಬ್ಬಿಯ ತೋಳು, ಬಟ್ಟೆಯ ಅಳತೆಗೆ ಸರಿಯಾಗಿ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು. ಸರಕಾರದ ಮೊಹರು ಕೂಡ ಅಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ. ಕೆಲವರ ಮೈಗೆ ಈ ಮದ್ದು ಆಗುವುದಿಲ್ಲ, ಮುಟ್ಟಿದಷ್ಟು ದಿನ ಏಳುತ್ತದೆ, ಬಿಟ್ಟರೆ ಹೋಗುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವ ಪ್ರಶ್ನೆಯೇ ಇಲ್ಲ ಎಂದು ಡಾಕ್ಟರು ಬರೆದು ಸಹಿ ಹಾಕಿ ಕೊಟ್ಟರು. ಅದನ್ನು ತಮಗೆ ಕಳುಹಿಸಿದೆ.

ಅದಕ್ಕೆ ತಾವು ದಯಪಾಲಿಸಿದ ಉತ್ತರ ನನ್ನ ಬಾಯಿಪಾಠವಾಗಿದೆ. ಒಂದೇ ಅಂಟನ್ನು ಉಪಯೋಗಿಸುವ ಇತರರಿಗೆ ಏನೂ ಆಗಿಲ್ಲವಾದ್ದರಿಂದ ಅಂಟಿನಲ್ಲಿ ದೋಷವಿದೆ ಎನ್ನುವಂತಿಲ್ಲ ಎಂದಿದ್ದೀರಿ. ಸ್ವಾಮಿ, ತಾವು ಘಟ್ಟದ ಮೇಲಿನವರು, ಚೇರೆ ಮರವನ್ನು ನೋಡಿರಲಾರಿರಿ. ನಮ್ಮ ಕಾಡಿನಲ್ಲಿ ಧಾರಾಳ ಉಂಟು. ಸೊಪ್ಪಿಗೆ ಹೋದವರಲ್ಲಿ ಒಬ್ಬ ಅದರ ಬುಡದಲ್ಲಿ ಮಲಗಿ ಗೊರಕೆ ಹೊಡೆದು ಎದ್ದು ಬರುತ್ತಾನೆ. ಇನ್ನೊಬ್ಬ ಅದರ ಸೊನೆ ಒಂದು ಹನಿ ತಾಗಿದರೆ ಸಾಕು, ಮುಖವೆಲ್ಲ ಬೀಗಿ ಹೆಂಡತಿಗೂ ಗುರುತು ಸಿಗದ ಹಾಗಾಗುತ್ತಾನೆ. ಮಲಗಿದವನಿಗೆ ಏನೂ ಆಗಲಿಲ್ಲ ಎಂದು ನಾವು ಬೀಗಿದವನನ್ನು ಕೊಳಕ ಎಂದು ಕರೆಯುವುದಿಲ್ಲ, ಊರಿನ ಗೋಡೆಗೆ ಅವನ ಹೆಸರು ಅಂಟಿಸುವುದೂ ಇಲ್ಲ. ಇವನಿಗೆ ಚೇರೆ ಆಗುವುದಿಲ್ಲ ಎಂದು ಮುಂದಿನ ಸಲ ಬೇರೆ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇವೆ. ಕಾಡಿಗೆ ಹೋಗುವವರಿಗೆ ಇರುವ ಇಷ್ಟು ತಿಳಿವಳಿಕೆ ಕಾಗದದ ಕಾಡಿನಲ್ಲಿ ಕುಳಿತವರಿಗೆ ಇರಬಾರದೇ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದೂ ತಾವು ಗಾದೆ ಬರೆದಿದ್ದೀರಿ. ಗಾದೆ ಚೆನ್ನಾಗಿದೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ, ಅದನ್ನು ಡೊಂಕು ಮಾಡಿದವರೇ ಬಂದು ಈ ಗಾದೆ ಹೇಳಬಹುದೇ?

ಆದರೂ ತಮ್ಮ ಉತ್ತರದ ಕೊನೆಯಲ್ಲಿ ಕರುಣಾರಸ ಹರಿದಿದೆ. "ಪ್ರಕರಣವನ್ನು ಮಾನವೀಯ ದೃಷ್ಟಿಯಿಂದ ಪರಿಶೀಲಿಸಿ, ಸದರಿಯವಳನ್ನು ದಯೆಯ ಮೇರೆಗೆ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಲು ಅನುಮತಿಸಲಾಗಿದೆ. ಈಗಿರುವ ಅಂಟಿನ ದಾಸ್ತಾನನ್ನು ಮುಗಿಯುವವರೆಗೆ ಉಪಯೋಗಿಸತಕ್ಕದ್ದು." ಇದಕ್ಕೆ ನಾನು ಏನು ಹೇಳಲಿ? ಅಂಟು ನಿರ್ದೋಷಿಯಾದರೆ ಮುಗಿಯುವವರೆಗೆ ಎಂಬ ಮಾತು ಏಕೆ ಬಂತು? ದೋಷಿಯಾದರೆ ಇನ್ನೂ ಉಪಯೋಗಿಸುವುದು ಹೇಗೆ? ವಿಷವೆಂದು ಗೊತ್ತಾಗಿದೆ, ಪಾತ್ರೆ ಖಾಲಿಯಾಗುವವರೆಗೆ ಕುಡಿಯಿರಿ ಎಂಬ ಈ ಆದೇಶ ತಮ್ಮೊಬ್ಬರಿಂದ ಮಾತ್ರ ಸಾಧ್ಯ. ನಾವು ಆ ಡಬ್ಬಿಗಳನ್ನು ಮೂಲೆಗೆ ಪೇರಿಸಿಟ್ಟು, ತಮ್ಮ ಅನುಮತಿ ಇಲ್ಲದೆಯೇ, ಮತ್ತೆ ಒಲೆ ಹಚ್ಚಿದ್ದೇವೆ. ಶಿಸ್ತುಕ್ರಮ ಕೈಗೊಳ್ಳುವುದಾದರೆ ನನ್ನ ಮೇಲೆ ಕೈಗೊಳ್ಳಬಹುದು.

ಕಮಲಾವತಿ ಆ ಕಾಗದವನ್ನು ಓದಿಸಿ ಕೇಳಿದಳು. ಸಾಧಾರಣವಾಗಿ ಬಾಯಿ ಬಿಡದ ಹುಡುಗಿ. "ದಯೆ ಎಂತಕ್ಕೆ ಅಕ್ಕ? ನಾನು ಎಂತಾದರೂ ಕದ್ದಿದ್ದೇನಾ?" ಎಂದು ಕೇಳಿದಳು. ಇದಕ್ಕೆ ಉತ್ತರ ತಮ್ಮ ಹತ್ತಿರ ಇದ್ದರೆ ಕಳುಹಿಸಿಕೊಡಿ.

ಈಗ ಅವಳ ಕೈ ನೋಡಿದರೆ ನನ್ನ ಕೈಗಿಂತ ಚೆನ್ನಾಗಿದೆ. ಹಾಗಿದ್ದ ಮೇಲೆ ಇನ್ನೇನು ಗಲಾಟೆ ಎಂದು ತಾವು ಕೇಳಬಹುದು. ಅವಳ ಅತ್ತಿಗೆ ಪ್ರೇಮಾವತಿ ಹೆತ್ತು ಮೂರು ತಿಂಗಳಾಯಿತು. ಗಂಡು ಮಗು. ಮನೆಯಲ್ಲಿ ಮಗು ಅತ್ತರೆ ಎಲ್ಲರೂ ಎತ್ತಿಕೊಳ್ಳುತ್ತಾರೆ, ಸೋದರತ್ತೆಯಾದ ಇವಳು ಮಾತ್ರ ಬಾಗಿಲ ಹತ್ತಿರ ನಿಂತು ನೋಡಬೇಕು. ಅವಳ ಬಟ್ಟಲು ಬೇರೆ, ಚಾಪೆ ಬೇರೆ. ಅವಳು ಬಡಿಸಿದರೆ ಯಾರೂ ಉಣ್ಣುವುದಿಲ್ಲ, ಆದ್ದರಿಂದ ಅವಳು ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಾಳೆ. ಅಂಗಡಿಯಲ್ಲಿ ಚಿಲ್ಲರೆಯನ್ನು ಅವಳ ಕೈಗೆ ಹಾಕುವುದಿಲ್ಲ, ಹಲಗೆಯ ಮೇಲೆ ಇಟ್ಟು ಸರಿಯುತ್ತಾರೆ. ಹೋದ ವಾರ ನಾನು ಜಗಳಕ್ಕೇ ಸಿದ್ಧವಾಗಿ ಅವರ ಮನೆಗೆ ಹೋದೆ. ಪ್ರೇಮಾವತಿಯನ್ನು ನೋಡಿದ ಮೇಲೆ ನನ್ನ ಜಗಳ ಬಾಯಿಯಲ್ಲೇ ಉ‍ಳಿಯಿತು. ಅವಳು ಕೆಟ್ಟವಳಲ್ಲ, ಹೆದರಿದವಳು. ಮಗುವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

"ಡಾಕ್ಟ್ರು ಬರೆದು ಕೊಟ್ಟಿದ್ದಾರಲ್ಲ ಪ್ರೇಮಾ, ಇನ್ನು ಎಂತ ಹೆದರಿಕೆ?" ಎಂದು ಕೇಳಿದೆ.

"ಡಾಕ್ಟ್ರು ನಿಮ್ಮ ಗುರ್ತದವರು ಅಕ್ಕ, ನಿಮಗೆ ಬೇಕಾದ ಹಾಗೆ ಬರೆದು ಕೊಡ್ತಾರೆ. ಆದ್ರೆ ಗೋಡೆಗೆ ಹಾಕಿದ್ದು ಸರಕಾರದವರಲ್ವಾ? ಅಷ್ಟು ದೊಡ್ಡ ಆಫೀಸರು ಸುಮ್ಮನೆ ಬರೀತಾರಾ? ನನಗೆ ಅವಳ ಮೇಲೆ ಕೋಪ ಇಲ್ಲ. ಇದು ಎಳೆ ಮಗು. ನಾನು ಎಂತ ಮಾಡುದು ಹೇಳಿ" ಎಂದು ಕಣ್ಣೀರು ಹಾಕಿದಳು. ಬಾಗಿಲಿನ ಆಚೆ ಕಮಲಾವತಿ ಬಟ್ಟೆ ಹಿಂಡುತ್ತಿದ್ದಳು. ಅವಳಿಗೆ ಎಲ್ಲವೂ ಕೇಳುತ್ತಿತ್ತು.

ಮಾನ್ಯರೇ, ತಮ್ಮನ್ನು ಇಷ್ಟು ಗಾಢವಾಗಿ ನಂಬಿದವರು ತಮ್ಮ ಮನೆಯಲ್ಲಾದರೂ ಇದ್ದಾರೆಯೋ ನಾನರಿಯೆ. ಒಬ್ಬ ತಾಯಿ ತನ್ನ ಮಗುವಿನ ವಿಷಯದಲ್ಲಿ, ಕಣ್ಣೆದುರಿನ ನಾದಿನಿಯನ್ನು ಬಿಟ್ಟು, ಮುಖ ನೋಡದ ಅಧಿಕಾರಿಯ ಮಾತನ್ನು ನಂಬಿದ್ದಾಳೆ. ಡಾಕ್ಟರ ಸಹಿಯಿಂದ ಆಗದ್ದು, ನನ್ನ ಗಂಟಲಿನಿಂದ ಆಗದ್ದು, ದೇವಮ್ಮನ ಕಣ್ಣೀರಿನಿಂದ ಆಗದ್ದು, ತಮ್ಮೊಬ್ಬರಿಂದ ಆಗುತ್ತದೆ. ಇದನ್ನು ಬರೆಯುವಾಗ ನನಗೆ ನಗು ಬರುತ್ತಿಲ್ಲ. ಆ ಹುಡುಗಿಯ ಬದುಕು ತಮ್ಮ ಮುಷ್ಟಿಯಲ್ಲಿ ಸಿಕ್ಕಿಕೊಂಡಿದೆ, ತಮಗೆ ಅದರ ಭಾರವೂ ಗೊತ್ತಾಗುತ್ತಿಲ್ಲ.

ಆದ್ದರಿಂದ ಕೇಳುತ್ತೇನೆ. ಡಬ್ಬಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಮ್ಮಿಂದ ಮಾತ್ರವಲ್ಲ, ಸುಳ್ಯದಲ್ಲಿ ಪುಸ್ತಕ ಕಟ್ಟುವವರಿಗೂ ಬೇರೆ ಸಂಘಗಳಿಗೂ ಹೋಗಿವೆಯಂತೆ, ಅಲ್ಲಿಯೂ ಯಾವುದೋ ನಾಗನ ಮೇಲೆ ಆರೋಪ ಬಿದ್ದಿರಬಹುದು. ತಮ್ಮ ಆಜ್ಞೆಯನ್ನು ರದ್ದು ಮಾಡಿ, ದಯೆ ಎಂಬ ಶಬ್ದವನ್ನು ಹೊಡೆದುಹಾಕಿ, ತಪ್ಪು ಅಂಟಿನದ್ದು, ಹುಡುಗಿಯದ್ದಲ್ಲ ಎಂದು ಅದೇ ಗೋಡೆಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಿ. ಇಷ್ಟು ಮಾಡುವುದು ಕಷ್ಟವಲ್ಲ, ಗುಮಾಸ್ತರು ಮಾಡುತ್ತಾರೆ. ಗುಮಾಸ್ತರಿಂದ ಆಗದ ಕೆಲಸ ಒಂದು ಉಂಟು. ತಾವು ಒಂದು ಭಾನುವಾರ ಪುತ್ತೂರಿಗೆ ಬರಬೇಕು, ಧರ್ಮಪಾಲನ ಮನೆಯ ಚಾವಡಿಯಲ್ಲಿ ಎಲೆಯ ಮುಂದೆ ಕೂರಬೇಕು, ಕಮಲಾವತಿ ಅಡುಗೆ ಮಾಡಿ ತನ್ನ ಕೈಯಿಂದ ಬಡಿಸಿದ್ದನ್ನು ಪ್ರೇಮಾವತಿಯ ಎದುರಿಗೆ ಉಣ್ಣಬೇಕು. ಕರ್ಚೀಫು ಜೇಬಿನಲ್ಲಿಯೇ ಇರಲಿ. ಯಾರ ಮನೆಯಲ್ಲಿ ಉಣ್ಣಬಹುದು, ಯಾರ ಮನೆಯಲ್ಲಿ ಉಣ್ಣಬಾರದು ಎಂಬ ಲೆಕ್ಕ ತಮಗೂ ಇದ್ದೀತು, ನಮ್ಮ ಮನೆಯಲ್ಲೂ ಉಂಟು. ಅದಕ್ಕಾಗಿ ಹೇಳುತ್ತೇನೆ, ಪಕ್ಕದ ಎಲೆಯಲ್ಲಿ ನಾನು ಕೂರುತ್ತೇನೆ. ಯಜಮಾನರು ಹುಬ್ಬು ಏರಿಸಿದ್ದಾರೆ, ಏರಿಸಿಕೊಳ್ಳಲಿ.

ಹೀಗೆ ಕರೆಯುತ್ತೇನೆ ಎಂದು ನಿನ್ನೆ ಕಮಲಾವತಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಇಷ್ಟು:

"ಹಾಗಾದ್ರೆ ಅವರ ಮೈಗೆ ಎಂತದ್ದು ಆಗುದಿಲ್ಲ ಅಂತ ಮೊದಲೇ ಕೇಳಿ ಬರೀರಿ ಅಕ್ಕ. ಕೆಲವರಿಗೆ ಬದನೆ ನಂಜು, ಕೆಲವರಿಗೆ ಮೀನು ಆಗುದಿಲ್ಲ. ನಾವು ಗೊತ್ತಿಲ್ಲದೆ ಬಡಿಸಿ ಅವರಿಗೆ ಮೈಯಲ್ಲಿ ಎಂತಾದರೂ ಎದ್ದರೆ ಪಾಪ."

ಅದನ್ನೇ ಕೇಳುತ್ತಿದ್ದೇನೆ. ತಮಗೆ ಏನು ಆಗುವುದಿಲ್ಲ? ದಯವಿಟ್ಟು ಮರುಟಪಾಲಿನಲ್ಲಿ ತಿಳಿಸಬೇಕು.

ಇಂತಿ,
ತಮ್ಮ ಕಡತಗಳ ಪ್ರಕಾರ ಶುಚಿತ್ವದ ಅಭಾವವುಳ್ಳ,
ನರಿಮೊಗರು ವಸುಮತಿ
ಕಾರ್ಯದರ್ಶಿ, ಮಹಿಳಾ ಲಕೋಟೆ ತಯಾರಕರ ಸಂಘ
(ಮೆಟ್ಟಿಲು ಹತ್ತಿ ಎಡಕ್ಕೆ, ಹುಳಿ ವಾಸನೆ ಬರುವ ಕೋಣೆ)
ಪುತ್ತೂರು, ನವೆಂಬರ್ ೧೯೬೧